ಮುಟ್ಟಬಾರದ ಬೆಳ್ಳಿ

ಕಪ್ಪು ಹಿಡಿದ ಬೆಳ್ಳಿ ಕಣ್ಣಿಗೆ ಬಿದ್ದರೆ ಮೆರುಗಕ್ಕನ ಕೈ ಸುಮ್ಮನಿರುವುದಿಲ್ಲ. ಬೆಳ್ಳಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷ ತಟ್ಟೆ, ಲೋಟ, ಚಮಚಗಳಿಗೆ ಮೆರುಗು ಕೊಟ್ಟ ಕೈ ಅದು. ಹೆಸರು ಬಂದದ್ದೂ ಹಾಗೆಯೇ. ಆ ಸಂಜೆ ಬೀರುವಿನಲ್ಲಿ ಗಂಡನ ಸ್ವೆಟರಿನ ಕೆಳಗೆ ಹನ್ನೆರಡು ಮಖಮಲ್ಲಿನ ಡಬ್ಬಿ ಸಿಕ್ಕವು. ಒಂದೊಂದರಲ್ಲೂ ಪ್ಲಾಸ್ಟಿಕ್ ಚಿಪ್ಪಿನೊಳಗೆ ಒಂದೊಂದು ಬೆಳ್ಳಿ ನಾಣ್ಯ, ಪಕ್ಕದಲ್ಲಿ ಮಡಿಸಿಟ್ಟ ರಸೀದಿ. ರಸೀದಿ ಓದಿದ್ದೇ ತಡ, ಪಿತ್ತ ನೆತ್ತಿಗೇರಿತು.

ಮುಂದಿನ ಬೀದಿಯಲ್ಲಿ ಎಂಟಡಿ ಅಗಲದ ಒಂದು ಮಳಿಗೆ ಖಾಲಿಯಾಗಿತ್ತು. ಶನಿವಾರದೊಳಗೆ ಮುಂಗಡ ಕೊಟ್ಟರೆ ನಿನಗೇ ಎಂದು ಮಾಲಕಿ ಮಾತು ಕೊಟ್ಟಿದ್ದಳು. ಸ್ವಂತ ಮೆರುಗಿನ ಚಕ್ರ, ಸ್ವಂತ ಕಿಟಕಿ, ಬೆನ್ನ ಹಿಂದೆ ನಿಂತು "ಇನ್ನೂ ಆಗ್ಲಿಲ್ವಾ?" ಎನ್ನುವ ಯಜಮಾನನಿಲ್ಲ. ಅದಕ್ಕೆಂದೇ ವರ್ಷಗಟ್ಟಲೆ ಕೂಡಿಟ್ಟದ್ದನ್ನು ಗಂಡನ ಕೈಗೆ ಕೊಡುತ್ತ ಬಂದಿದ್ದಳು. ಕೇಳಿದಾಗಲೆಲ್ಲ ಅವನು "ಭದ್ರವಾಗಿದೆ ಕಣೇ" ಎನ್ನುತ್ತಿದ್ದ. ಭದ್ರವಾಗಿಯೇ ಇತ್ತು, ಮಖಮಲ್ಲಿನಲ್ಲಿ.

ಗಂಡ ಸಿನಿಮಾ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿದು ಹರಿದು ನಿವೃತ್ತನಾದವನು. ಜೋರಾಗಿ ಮಾತಾಡಿದವನಲ್ಲ, ಯಾರನ್ನೂ ಅನುಮಾನಿಸಿದವನಲ್ಲ. ಅವನು ಒಳಗೆ ಬಂದಾಗ ಅವಳು ಅಡುಗೆಮನೆಯ ತಕ್ಕಡಿಯನ್ನು ಮುಂದಿಟ್ಟುಕೊಂಡು ಕೂತಿದ್ದಳು.

"ಒಂದನ್ನಾದ್ರೂ ತೂಕ ಹಾಕಿ ನೋಡಿದೀರೇನ್ರೀ?"

"ಇದನ್ನ ತೂಕದಲ್ಲಿ ನೋಡಬಾರ್ದು ಕಣೇ. ಕೆಲವೇ ಕೆಲವು ಅಚ್ಚು ಹಾಕಿದಾರಂತೆ. ವರ್ಷ ಹೋದ ಹಾಗೆ ಬೆಲೆ ಏರುತ್ತಂತೆ."

"ಅಂತೆ! ಮೂವತ್ತು ಗ್ರಾಂ ಬೆಳ್ಳಿಗೆ ತೊಂಬತ್ತು ಗ್ರಾಮಿನ ದುಡ್ಡು ಸುರಿದಿದೀರಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!"

"ನಿನಗೆ ಮಳಿಗೆ ಜೊತೆಗೆ ಮೆರುಗಿನ ಮೆಷಿನ್ನೂ ಬರ್ಲಿ ಅಂತ..." ಎಂದು ಅವನು ತೊದಲಿದ.

"ಮೆಷಿನ್ ಹಾಳಾಗ್ಲಿ. ನಾಳೆ ಬೆಳಿಗ್ಗೆ ಅವನ ಅಂಗಡಿಗೇ ವಾಪಸ್."

ಅವನು ಬೀರುವಿನ ಮೇಲಿನಿಂದ ಏನನ್ನೋ ತೆಗೆದು ಜೇಬಿಗೆ ಹಾಕಿಕೊಂಡು, ಒಂದು ಸುತ್ತು ಹೋಗಿ ಬರುತ್ತೇನೆಂದು ಹೊರಬಿದ್ದ. ಕನ್ನಡಕ ಇರಬೇಕು ಎಂದುಕೊಂಡಳು ಅವಳು.

ಸಿಟ್ಟಿಗೆ ಕೆಲಸ ಬೇಕಿತ್ತು. ನಾಣ್ಯಗಳ ಅಂಚಿಗೆ ಕಪ್ಪು ಕೂತಿತ್ತು, ಕೆಲವಕ್ಕೆ ಹಳದಿ ಮಚ್ಚೆ. ಇಂಥದ್ದನ್ನು ಮಾರಲು ಒಯ್ದರೆ ತನ್ನ ಮಾನ ಏನಾಗಬೇಕು? ಚಿಪ್ಪುಗಳನ್ನು ಚಾಕುವಿನಿಂದ ಮೀಟಿ ತೆಗೆದಳು. ಕೆಂಪು ಪುಡಿ, ಹತ್ತಿ, ಮೆತ್ತನೆಯ ಬಟ್ಟೆ. ಒಂದೊಂದನ್ನೂ ಗಂಡನಿಗೆ ಬೈಯುತ್ತಲೇ ತಿಕ್ಕಿದಳು. ಹನ್ನೆರಡೂ ಮುಖ ನೋಡಿಕೊಳ್ಳುವಷ್ಟು ಹೊಳೆದವು. ಹಿಂದಿರುಗಿದ ಗಂಡ ಅವನ್ನು ನೋಡಿ ಬಾಗಿಲಲ್ಲೇ ನಿಂತ.

"ಮುಟ್ಟಬಾರ್ದು ಅಂದಿದ್ರು ಕಣೇ."

"ಯಾಕೆ, ಹಸುಗೂಸಾ? ಸುಮ್ನೆ ಊಟಕ್ಕೆ ಬನ್ನಿ."

ಮರುದಿನ ಬೆಳಿಗ್ಗೆ ಇಬ್ಬರೂ ನಾಣ್ಯದಂಗಡಿಗೆ ಹೋದರು. ಅಂಗಡಿಯವನು ಒಂದು ಕಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡಿರುತ್ತಿದ್ದ. ಅಂಗಡಿ ತಣ್ಣಗಿತ್ತು, ಗಾಜಿನ ಕಪಾಟುಗಳಿಗೆಲ್ಲ ಒಳಗಿನಿಂದ ದೀಪ. ಮೊದಲ ನಾಣ್ಯವನ್ನು ನೋಡಿದವನೇ ಅವನು ಅದನ್ನು ಗಾಜಿನ ಮೇಲೆ ಹಾಕಿಬಿಟ್ಟ.

"ಅಯ್ಯೋ ಅಮ್ಮಾ, ಕೊಲೆ ಮಾಡಿಬಿಟ್ಟಿದೀರಿ! ಯಾರು ತಿಕ್ಕಿದ್ದು ಇದನ್ನ?"

"ನಾನೇ. ಬೆಳ್ಳಿ ಅಂಗಡೀಲಿ ಇದೇ ನನ್ನ ಕೆಲಸ."

"ಸಂಗ್ರಹ ಮಾಡೋರಿಗೆ ಬೇಕಾಗಿರೋದು ಟಂಕಸಾಲೆಯಿಂದ ಬಂದಾಗಿನ ಮೈ. ಕಪ್ಪಾಗಿದ್ರೂ ಸರಿ, ತಿಕ್ಕಿರಬಾರ್ದು. ಇನ್ನು ಇದು ಬರೀ ಲೋಹ, ತೂಕದ ಬೆಲೆ ಅಷ್ಟೇ. ಮುಟ್ಟದೆ ತಂದಿದ್ರೆ ನೀವು ಕೊಟ್ಟಷ್ಟನ್ನ ಕಣ್ಣು ಮುಚ್ಚಿ ವಾಪಸ್ ಕೊಡ್ತಿದ್ದೆ."

ಕೊಟ್ಟ ದುಡ್ಡಿನ ಮೂರರಲ್ಲಿ ಎರಡು ಪಾಲನ್ನು ಮೆರುಗಕ್ಕ ತನ್ನ ಕೈಯಾರೆ ಒರೆಸಿ ಹಾಕಿದ್ದಳೇ? ಜಗತ್ತಿನಲ್ಲಿ ಅವಳು ನಂಬಿದ್ದು ತನ್ನ ಎರಡು ಕೈಗಳನ್ನು. ಕೆಂಪು ಪುಡಿ ಇನ್ನೂ ಉಗುರಿನ ಸಂದಿಯಲ್ಲಿತ್ತು. ಗಂಡನ ಕಡೆ ತಿರುಗುವ ಧೈರ್ಯವಾಗಲಿಲ್ಲ.

ಅಂಗಡಿಯವನು ಅಷ್ಟಕ್ಕೇ ಬಿಟ್ಟಿದ್ದರೆ ಅವಳು ತಲೆ ತಗ್ಗಿಸಿಯೇ ಹೋಗುತ್ತಿದ್ದಳೇನೋ. ಆದರೆ ಅವನ ಬಾಯಿ ಸುಮ್ಮನಿರಬೇಕಲ್ಲ.

"ನಿಮ್ಮ ಬೆಳ್ಳಿ ಅಂಗಡೀಲೂ ಇದೇ ತಾನೇ? ಮಾರೋವಾಗ ಕೂಲಿ ಸೇರಿಸ್ತೀರಿ, ವಾಪಸ್ ತಗೊಳೋವಾಗ ಬರೀ ತೂಕ."

ಮಾತು ನಾಟಿತು, ಸುಳ್ಳಾಗಿರಲಿಲ್ಲವಲ್ಲ. ಅವಳು ಬೆಳಗಿದ ಎಷ್ಟೋ ತಟ್ಟೆಗಳು ಹಾಗೆಯೇ ಹಿಂದಿರುಗಿ ಬಂದು, ಅವಳ ದುಡಿಮೆಗೆ ಬಿಡಿಗಾಸಿಲ್ಲದೆ ಕರಗಿಹೋಗಿದ್ದವು.

"ಹೌದು," ಎಂದಳು. "ಆದ್ರೆ ಅದನ್ನ ಗೋಡೆ ಮೇಲೆ ಬರೆದು ಹಾಕಿದೀವಿ. ಕೂಲಿ ವಾಪಸ್ ಬರಲ್ಲ ಅಂತ ಹೇಳಿಯೇ ಮಾರ್ತೀವಿ. ಬೆಲೆ ಏರುತ್ತೆ ಅಂತ ಮೂಗಿಗೆ ತುಪ್ಪ ಸವರಿ ಮಾರಲ್ಲ."

ಆಗ ಗಂಡ ಜೇಬಿಗೆ ಕೈ ಹಾಕಿದ. ಹದಿಮೂರನೆಯ ಡಬ್ಬಿಯನ್ನು ತೆಗೆದು ಗಾಜಿನ ಮೇಲಿಟ್ಟ.

"ಇದನ್ನ ಯಾರೂ ಮುಟ್ಟಿಲ್ಲ, ನಾನೂ ಮುಟ್ಟಿಲ್ಲ. ಚಿಪ್ಪು ಹಾಗೇ ಇದೆ, ರಸೀದಿನೂ ಇದೆ. ಕಣ್ಣು ಮುಚ್ಚಿ ಕೊಡಿ."

ನಾಣ್ಯದ ಮೇಲಿದ್ದದ್ದು ಅವರಿಬ್ಬರ ಮದುವೆಯ ಇಸವಿ. ನಿನ್ನೆ ಅವನು ಬೀರುವಿನ ಮೇಲಿನಿಂದ ತೆಗೆದದ್ದು ಕನ್ನಡಕವಲ್ಲ ಎಂದು ಮೆರುಗಕ್ಕನಿಗೆ ಈಗ ಹೊಳೆಯಿತು.

ಭೂತಗನ್ನಡಿ ನಾಣ್ಯದ ಮೇಲೆ ಬಹಳ ಹೊತ್ತು ಓಡಾಡಿತು. ಡಬ್ಬಿಯ ಮೂಲೆ ಸವೆದಿದೆ ಎಂದ. ಈಗ ಕೊಳ್ಳುವವರೇ ಇಲ್ಲ ಎಂದ. ಈ ಇಸವಿಯದು ಬೇಕಾದಷ್ಟು ಅಚ್ಚಾಗಿದೆ ಎಂದ. ಕೊನೆಗೆ, "ನೀವು ಹಳೇ ಗಿರಾಕಿ ಅಂತ, ತೂಕದ ಬೆಲೆ ಪೂರ್ತಿ ಕೊಡ್ತೀನಿ," ಎಂದ.

ಗಂಡ ಕಪಾಟಿನತ್ತ ಬೆರಳು ತೋರಿಸಿದ. ಅಲ್ಲಿ ಅದೇ ಇಸವಿಯ ಅದೇ ನಾಣ್ಯ ದೀಪದ ಕೆಳಗೆ ಕೂತಿತ್ತು. ಚೀಟಿಯಲ್ಲಿ ಮೂರು ಪಟ್ಟು ಬೆಲೆ, ಕೆಳಗೆ "ಅಪರೂಪ".

"ಅದು ಮಾರೋ ಬೆಲೆ ಸಾರ್," ಎಂದ ಅಂಗಡಿಯವನು.

"ಅಂದ್ರೆ ಅಪರೂಪ ಅನ್ನೋದು ನಿಮ್ಮ ಕಪಾಟಲ್ಲಿ ಇರೋವರೆಗೆ ಮಾತ್ರ. ನಾನು ಬಾಗಿಲು ದಾಟಿದ ಕೂಡಲೇ ಬೇಕಾದಷ್ಟು ಆಗೋಗುತ್ತೆ!" ಗಂಡನ ದನಿ ಏರಿತ್ತು. "ಟಾಕೀಸಲ್ಲಿ ಕಾಳಸಂತೇಲಿ ಟಿಕೆಟ್ ಮಾರೋನು ಕೂಡ ತಗೊಂಡ ದುಡ್ಡಿಗೆ ಸಿನಿಮಾ ತೋರಿಸ್ತಿದ್ದ ಕಣಯ್ಯಾ!"

ಮದುವೆಯಾದ ಮೂವತ್ತೆರಡು ವರ್ಷದಲ್ಲಿ ಅವನು ಹೀಗೆ ಕೂಗಿದ್ದನ್ನು ಅವಳು ಕೇಳಿರಲಿಲ್ಲ. ಅಲ್ಲಿಯವರೆಗೆ ಅವನ ಮೇಲಿದ್ದ ಸಿಟ್ಟು ಅವನ ಪಕ್ಕಕ್ಕೆ ಬಂದು ನಿಂತಿತು. ಹದಿಮೂರನ್ನೂ ಬಾಚಿ ಚೀಲಕ್ಕೆ ಹಾಕಿಕೊಂಡಳು. "ನಿಮಗೆ ತೂಕಕ್ಕೂ ಕೊಡಲ್ಲ. ನೀವು ನಾಳೆ ಇದನ್ನೇ ಇನ್ನೊಬ್ಬರ ತಲೆಗೆ ಕಟ್ತೀರಿ. ಬನ್ರೀ."

ಬೀದಿಯ ಕೊನೆಯಲ್ಲಿ ಬೆಳ್ಳಿ ಕರಗಿಸುವವನ ಕುಲುಮೆ. ಅಂದಿನ ದರವನ್ನು ಬಾಗಿಲಲ್ಲೇ ಸೀಮೆಸುಣ್ಣದಲ್ಲಿ ಬರೆದಿದ್ದ. ಕೊಳ್ಳಲೂ ಅದೇ, ಕೊಡಲೂ ಅದೇ, ಕರಗಿಸಿದ್ದಕ್ಕೆ ಇಷ್ಟು ಎಂದು ಕೆಳಗೆ ಇನ್ನೊಂದು ಸಾಲು. ಅವನು ಒಂದು ನಾಣ್ಯವನ್ನು ಬೆಳಕಿಗೆ ಹಿಡಿದ.

"ಎಂಥಾ ಕೈರೀ ಇದು! ಇಷ್ಟು ಚೆನ್ನಾಗಿ ಬೆಳಗಿ ಕರಗಿಸೋಕೆ ತಂದಿದೀರಾ?"

ಇಪ್ಪತ್ತಾರು ವರ್ಷದಲ್ಲಿ ಯಜಮಾನ ಹೇಳದ ಮಾತು, ಬೆಂಕಿಯ ಬಾಯಲ್ಲಿ ನಿಂತಾಗ ಬಂತು. ಅವಳಿಗೆ ಅಳುವಷ್ಟು ಸಿಟ್ಟು ಬಂತು.

ಹನ್ನೆರಡನ್ನು ತೂಗಿ ಹಣ ಎಣಿಸಿದರೆ ಮುಂಗಡಕ್ಕೆ ಸ್ವಲ್ಪವೇ ಕಡಿಮೆ. ಗಂಡ ಹದಿಮೂರನೆಯದನ್ನು ಚೀಲದಿಂದ ತೆಗೆದ.

"ಅದು ಬೇಡ ರೀ."

"ಮುಟ್ಟದೆ ಇಟ್ಕೊಂಡು ಏನು ಮಾಡ್ಲೇ?" ಎಂದು ಅವನು ಚಿಪ್ಪನ್ನು ಒಡೆದು, ಮೊದಲ ಸಲ ಆ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡ. ಒಮ್ಮೆ ಮುಷ್ಟಿ ಹಿಡಿದು, ತಕ್ಕಡಿಯತ್ತ ಚಾಚಿದ.

"ತಡೀರಿ," ಎಂದು ಕಸಿದುಕೊಂಡಳು ಮೆರುಗಕ್ಕ. ಚೀಲದಿಂದ ಬಟ್ಟೆ ತೆಗೆದು, ಹಲ್ಲು ಕಚ್ಚಿ, ಇಸವಿಯ ಮೇಲಿನ ಕಪ್ಪು ಹೋಗುವವರೆಗೂ ತಿಕ್ಕತೊಡಗಿದಳು.

"ಹೇಗೂ ಕರಗೋದು ತಾನೇ ಅಮ್ಮಾ," ಎಂದ ಕುಲುಮೆಯವನು.

"ಕರಗ್ಲಿ. ನನ್ನ ಕೈಯಿಂದ ಕಪ್ಪು ಬೆಳ್ಳಿ ಹೋಗಲ್ಲ."