ಕೆರೆಯಮ್ಮನ ಅಚ್ಚು

ಶಾಂತಲಾ ಪುರಾತತ್ವ ಓದಿದ್ದು ದೊಡ್ಡ ದೊಡ್ಡ ಜಾಗಗಳಲ್ಲಿ ಅಗೆಯುವ ಆಸೆಯಿಂದ. ತರಬೇತಿಯ ಕಡೇ ಕೆಲಸ ಅಂತ ಸಿಕ್ಕಿದ್ದು ಮಾತ್ರ ಪುಟ್ಟೇನಹಳ್ಳಿಯ ಒಂದು ಗಲ್ಲಿ. ಎರಡು ಸ್ಕೂಟರ್ ಎದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕು, ಅಂಥ ಗಲ್ಲಿ. ಅದರ ತಿರುವಿನಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕ, ಕೆರೆಯಮ್ಮ ಇದ್ದಳು. ಸೊಂಟದೆತ್ತರದ ಕಲ್ಲು. ಎಣ್ಣೆ, ಅರಿಸಿನ, ಕುಂಕುಮ ತಲೆಮಾರುಗಳಿಂದ ಮೆತ್ತಿ ಮೆತ್ತಿ, ಮೂಗು ಯಾವುದು ಕಿವಿ ಯಾವುದು ಎಂದು ದೇವರಿಗೇ ಗೊತ್ತಿರಬೇಕು. ಮೇಲೊಂದು ಸೀರೆ, ಎರಡು ಬೆಳ್ಳಿ ಕಣ್ಣು.

ಹೊಸ ಚರಂಡಿ ಸರಿಯಾಗಿ ಅಲ್ಲೇ ಹಾದುಹೋಗಬೇಕಿತ್ತು. ಶಾಂತಲಾಗೆ ಕೆಲಸ ಕಲಿಸುತ್ತಿದ್ದ ಇಂದ್ರಾಣಿ ಮೇಡಂ ಜಯನಗರದ ಆಫೀಸಿನಿಂದ ಹೇಳಿಯೇ ಕಳಿಸಿದ್ದರು.

"ಕಲ್ಲು ತೊಳೆದು, ಕಾಗದದ ಮೇಲೆ ಅದರ ಅಚ್ಚು ತಗೊಂಡು ಬಾ. ಯಾರೂ ನಡ್ಕೊಳ್ಳದ ಕಲ್ಲಾದ್ರೆ ಮ್ಯೂಸಿಯಂಗೆ ಕಳಿಸೋಣ. ಜನ ನಡ್ಕೊಳ್ಳೋ ದೇವರಾದ್ರೆ ಚರಂಡಿನೇ ಆಚೆ ಸರಿಸಿ ಅಂತ ಬರೆಯೋಣ. ರಿಪೋರ್ಟ್ ನಿಂದು, ನಾನು ಕೈ ಹಾಕಲ್ಲ. ಒಂದು ನೆನಪಿಟ್ಕೋ, ಅಚ್ಚನ್ನ ಮೊದಲು ನೋಡಬೇಕಾದೋರು ಅಲ್ಲಿಯ ಜನ. ಆಮೇಲೆ ನಾವು."

ಪೂಜೆ ಮಾಡುವ ಮಾರಮ್ಮನನ್ನು ಒಪ್ಪಿಸುವಷ್ಟರಲ್ಲಿ ಶಾಂತಲಾಗೆ ಸಾಕುಸಾಕಾಯಿತು. ಹೋದಾಗಲೆಲ್ಲ ಮಾರಮ್ಮ ಕಾಫಿ ಕೊಡುತ್ತಿದ್ದಳು, ಅವರೆಕಾಳು ಸುಲಿಯಲು ಮುಂದಿಡುತ್ತಿದ್ದಳು, ಕಲ್ಲಿನ ಮಾತೆತ್ತಿದರೆ ಕಿವಿ ಕೇಳಿಸುತ್ತಲೇ ಇರಲಿಲ್ಲ. ಕೆರೆಯಮ್ಮನ ಮೈ ತೊಳೆಯುವಾಗ ಯಾರೂ ನೋಡುವ ಹಾಗಿಲ್ಲ. ಇಬ್ಬರು ಹೆಂಗಸರು ಸೀರೆ ಅಡ್ಡ ಹಿಡಿದು ಮುಖ ತಿರುಗಿಸಿ ನಿಲ್ಲುತ್ತಾರೆ. ಒಳಗೆ ನೀರು ಹಾಕುವ ಮಾರಮ್ಮನೂ ಕಣ್ಣು ಮುಚ್ಚಿಕೊಂಡೇ ಹಾಕುತ್ತಾಳೆ. ಅವಳ ಅತ್ತೆಯೂ ಹಾಗೇ ಮಾಡಿದ್ದು.

"ಹೆಣ್ಣು ಹುಡುಗಿ ಅಂತ ಬಿಡ್ತಿದೀನಿ ಕಣವ್ವಾ," ಎಂದಳು ಮಾರಮ್ಮ ಕೊನೆಗೊಂದು ಮಂಗಳವಾರ. "ನೀನೇ ಸ್ನಾನ ಮಾಡ್ಸು. ನಾನೂ ಪಕ್ಕದ್ಮನೆ ಕಮಲಾದೇವಿನೂ ಸೀರೆ ಹಿಡೀತೀವಿ."

ಶಾಂತಲಾ ಬಿಸಿನೀರು, ಸೀಗೆಪುಡಿ ಹಾಕಿ ಮೆಲ್ಲಗೆ ಉಜ್ಜಿದಳು. ಜಿಡ್ಡು ಪದರಪದರವಾಗಿ ಬಿಟ್ಟಿತು. ಮೊದಲು ಕತ್ತಿ ಕಾಣಿಸಿತು. ಅಮ್ಮನ ಕೈಯಲ್ಲಿ ಕತ್ತಿ ಇದ್ದೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡಳು. ಆಮೇಲೆ ಕಚ್ಚೆ. ಆಮೇಲೆ, ನೊರೆಯೊಳಗಿಂದ, ದಪ್ಪನೆಯ ಹುರಿಮೀಸೆ.

ಇದು ಗಂಡಸು. ಪಾಠದಲ್ಲಿ ನೂರು ಸಲ ನೋಡಿದ ವೀರಗಲ್ಲು. ಬೇರೆ ಕಡೆ ಸಿಕ್ಕಿದ್ದರೆ ಕುಣಿದಾಡುತ್ತಿದ್ದಳು.

"ಆಯ್ತೇನವ್ವಾ?" ಸೀರೆಯಾಚೆಯಿಂದ ಮಾರಮ್ಮ.

"ಇನ್ನೊಂಚೂರು ಅಜ್ಜಿ."

ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ತಟ್ಟಿ, ಆರಿದ ಮೇಲೆ ಮಸಿ ಒತ್ತಿದಳು. ಕಾಗದದ ಮೇಲೆ ಮೀಸೆ ಇನ್ನೂ ಜೋರಾಗಿ ಮೂಡಿತು. ಸುತ್ತಿ ಬ್ಯಾಗಿಗೆ ಹಾಕಿಕೊಂಡು ಹೊರಟುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ತೋರಿಸಿದರೆ, ಇಷ್ಟು ವರ್ಷ ಅಮ್ಮ ಎಂದು ಕೈಮುಗಿದ ಮುದುಕಿಗೆ ಏನಾಗುತ್ತದೋ. ಇವಳು ನಮ್ಮಮ್ಮನೇ ಅಲ್ಲ ಎಂದು ಗಲ್ಲಿಯವರು ಕೈಬಿಟ್ಟರೆ ಕಲ್ಲು ನೇರ ಮ್ಯೂಸಿಯಂ ಗೋಡೆಗೆ. ಶಾಂತಲಾಗೆ ಅಳುವೇ ಬಂತು. ಆದರೂ ಅವರ ಕಲ್ಲನ್ನು ಅವರಿಂದಲೇ ಬಚ್ಚಿಡಲು ಮನಸ್ಸು ಒಪ್ಪಲಿಲ್ಲ. ಸೀರೆ ಸರಿಸಿ ಕಾಗದ ಬಿಚ್ಚಿ ಹಿಡಿದಳು.

ಕಮಲಾದೇವಿ ಬಾಯಿಗೆ ಸೆರಗು ಹಿಡಿದಳು. "ಅಯ್ಯಯ್ಯೋ! ಮದುವೆಲಿ ಮೊದಲನೇ ಬಳೆ ಇವನಿಗಾ ನಾನು ತೊಡಿಸಿದ್ದು?"

ಮಾರಮ್ಮ ಕಾಗದದ ಹತ್ತಿರ ಬಂದಳು. ತುಂಬಾ ಹೊತ್ತು ನೋಡಿ, "ಯಾರಿವನು?" ಅಂದಳು.

"ಊರಿನ ದನಗಳ್ನ ಹೊಡ್ಕೊಂಡು ಹೋಗೋಕೆ ಬಂದೋರಿಗೆ ಅಡ್ಡ ನಿಂತು ಸತ್ತಿರ್ಬೇಕು ಅಜ್ಜಿ. ಕಾಲ ಹತ್ರ ಹಸುಗಳಿವೆ ನೋಡಿ. ಇಂಥೋರಿಗೆ ಊರೋರು ಕಲ್ಲು ನಿಲ್ಲಿಸ್ತಿದ್ರು." ಕಾಗದ ಕೆಳಗಿಳಿಸಿದಳು. "ನಿಮಗಿದು ಬೇಡ ಅನ್ನಿಸಿದ್ರೆ ಮ್ಯೂಸಿಯಂಗೆ ತಗೊಂಡು ಹೋಗ್ತಾರೆ."

"ಹೆಸರು?"

"ಗೊತ್ತಿಲ್ಲ. ಬರೆದಿಲ್ಲ."

ಮಾರಮ್ಮ ಕಲ್ಲಿನ ಹತ್ತಿರ ಹೋದಳು. ಮೊದಲ ಸಲ ಕಣ್ಣು ಬಿಟ್ಟು ಅದರ ಮುಖ ನೋಡಿದಳು, ಮೀಸೆಯ ಮೇಲೆ ಬೆರಳಾಡಿಸಿದಳು. ನಗು ಬಂತೋ ಅಳು ಬಂತೋ, ಹೆಗಲು ಕುಲುಕಿತು.

"ನನ್ ಮಗ ಯುವರಾಜಂಗೆ ಜ್ವರ ನೆತ್ತಿಗೇರಿದಾಗ ಇಲ್ಲೇ ಬಿದ್ದು ರಾತ್ರಿಯೆಲ್ಲ ಅಮ್ಮಾ ಅಮ್ಮಾ ಅಂತ ಅತ್ತಿದ್ದೆ ಕಣೇ. ಕೇಳಿಸ್ಕೊಂಡಿದ್ದು ಇವನೇ ತಾನೇ? ನಾನು ಅಮ್ಮ ಅಲ್ಲ, ಬೇರೆ ಕಡೆ ಹೋಗು ಅನ್ಲಿಲ್ವಲ್ಲ." ಕಣ್ಣೊರೆಸಿಕೊಂಡು ತಿರುಗಿದಳು. "ಕಮಲಾ, ಏನು ನೋಡ್ತಾ ನಿಂತೆ? ಅರಿಸಿನ ತಾ. ಬರೀ ಮೈಲಿ ನಿಂತದೆ ನಮ್ಮಮ್ಮ."

ಶಾಂತಲಾ ಜಗಲಿಯ ಮೇಲೆ ಕೂತು ರಿಪೋರ್ಟ್ ಬರೆದಳು. ವೀರಗಲ್ಲು. ಹೆಸರು ತಿಳಿದಿಲ್ಲ. ಜನ ಅಮ್ಮ ಎಂದು ಕರೆಯುತ್ತಾರೆ. ಚರಂಡಿ ಆಚೆ ಹೋಗಲಿ.