ಬಾಗಿಲಲ್ಲಿ ಅಣ್ಣನ ಮೆಟ್ಟು

ನಮ್ಮ ಬಾಡಿಗೆ ಕೋಣೆಯ ಹೊಸಿಲ ಬಳಿ ಒಂದು ಜೊತೆ ಮೆಟ್ಟು ಇರುತ್ತಿತ್ತು. ಯಾರೂ ಹಾಕಿಕೊಳ್ಳದ, ಒಂದು ಹೆಜ್ಜೆಯೂ ಸವೆಯದ ಮೆಟ್ಟು. ಅದರ ತುದಿ ಯಾವಾಗಲೂ ಮನೆಯೊಳಕ್ಕೆ ಮುಖ ಮಾಡಿರುತ್ತಿತ್ತು. ಬಿಟ್ಟು ಬಂದ ನಮ್ಮ ನಾಡಿನಲ್ಲಿ ಅದೊಂದು ರೂಢಿ. ಮನೆಯವರು ದೂರ ಹೋಗಿದ್ದರೆ ಅವರ ಮೆಟ್ಟನ್ನು ಒಳಮುಖವಾಗಿ ಇಡಬೇಕು, ನಡೆದು ಒಳಗೆ ಬರಲೆಂದು. ಸತ್ತರೆ ಹೊರಮುಖವಾಗಿ ತಿರುಗಿಸಬೇಕು. ತಿರುಗಿಸಿದ್ದನ್ನು ಮತ್ತೆ ಯಾರೂ ಮುಟ್ಟುವುದಿಲ್ಲ.

ಆ ಮೆಟ್ಟು ನನ್ನ ಅಣ್ಣ ಯಾಕೂಬನದು.

ನಮ್ಮ ಬೀದಿಗೆ ಬೆಂಕಿ ಬಿದ್ದ ದಿನ ಅಪ್ಪ, ಅಣ್ಣ, ನಾನು ಮೂವರೂ ಕಾಲಿಗೆ ಬುದ್ಧಿ ಹೇಳಿದೆವು. ಸೇತುವೆಯವರೆಗೆ ಬಂದಮೇಲೆ ಅಪ್ಪ ನಿಂತುಬಿಟ್ಟ. "ಹತಾರದ ಚೀಲ ಅಲ್ಲೇ ಉಳೀತಲ್ಲೋ" ಎಂದ. ಮೆಟ್ಟು ಹೊಲಿಯುವವನಿಗೆ ಅದೇ ಅನ್ನ. "ನೀವು ನಡೀತಾ ಇರಿ, ಈಗ ತಂದ್ಬಿಡ್ತೀನಿ" ಎಂದು ಅಣ್ಣ ಹಿಂದಕ್ಕೆ ಓಡಿದ. ಅವನು ಅತ್ತ ಹೋಗುತ್ತಲೇ ಓಡಿಬರುತ್ತಿದ್ದ ಜನ ನುಗ್ಗಿ ನಮ್ಮನ್ನು ಆಚೆ ದಡಕ್ಕೆ ತಳ್ಳಿತು, ಆಮೇಲೆ ಸೇತುವೆ ಮುಚ್ಚಿಬಿಟ್ಟರು.

ಗಡಿಯಾಚೆಯ ಶಿಬಿರದಲ್ಲಿ ಅಪ್ಪ ಕೆಮ್ಮಿದರೆ ರಕ್ತ ಬರುತ್ತಿತ್ತು. ಅಲ್ಲಿಂದ ಆ ದೇಶದ ಒಳಗೆ ಬಿಡಬೇಕಾದರೆ ಮನೆಯವರೆಲ್ಲರ ವಿವರ ಬರೆದುಕೊಡಬೇಕು. ಪಕ್ಕದ ಡೇರೆಯ ಸಾರಕ್ಕ ನನ್ನ ಕೈ ಹಿಡಿದಳು.

"ಕಾಣೆ ಅಂತ ಮಾತ್ರ ಬರೀಬೇಡ ಕಣೇ. ಗಂಡ ಕಾಣೆ ಅಂತ ಬರೆದು ನಾನು ವರ್ಷದಿಂದ ಇಲ್ಲೇ ಕೊಳೀತಿದೀನಿ. ಸತ್ತ ಅಂತ ಬರೆದುಬಿಡು. ನಾಳೆ ಬಂದ್ರೆ ಬರ್ತಾನೆ. ಕಾಗದ ಏನು ಜೀವ ತೆಗೆಯುತ್ತಾ?"

ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ನಾನು ಬರೆದೆ, ಅವನು ಹೆಬ್ಬೆಟ್ಟು ಒತ್ತಿದ. ಒಂಬತ್ತನೆಯ ದಿನ ನಮ್ಮನ್ನು ಬಿಟ್ಟರು. ಹೊರಡುವಾಗ ಸಾರಕ್ಕ ಖುಷಿಯಿಂದ ಕೈ ಬೀಸಿದಳು. ನನಗೂ ಖುಷಿಯೇ ಆಗಿತ್ತು, ಸುಳ್ಳೇಕೆ ಹೇಳಲಿ.

ಹೊಸ ಊರಿನಲ್ಲಿ ಅಪ್ಪ ಔಷಧಿ ಕುಡಿದು ಎದ್ದು ಕೂತ. ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಜಾಗ ಹಿಡಿದು ಹರಿದ ಚಪ್ಪಲಿ ಹೊಲಿಯತೊಡಗಿದ. ನಾನು ಬಟ್ಟೆ ಒಗೆಯುವ ಅಂಗಡಿಯಲ್ಲಿ ಹಾಸಿಗೆಯ ಚಾದರ ಮಡಚುತ್ತಿದ್ದೆ. ಮೊದಲ ಸಲ ಒಳ್ಳೆಯ ಚರ್ಮ ಕೈಗೆ ಬಂದಾಗ ಅಪ್ಪ ಅಂಗಿಯ ಒಳಜೇಬಿನಿಂದ ಮಡಚಿದ ಕಾಗದ ತೆಗೆದ. ಅಣ್ಣನ ಪಾದವಿಟ್ಟು ಸುತ್ತ ಗೆರೆ ಎಳೆದಿದ್ದ ಅಳತೆ. ದೇಶ ಬಿಟ್ಟವನು ಅದನ್ನು ಬಿಟ್ಟಿರಲಿಲ್ಲ!

"ಪಾಪ, ಬರಿಗಾಲಲ್ಲಿ ಬರ್ತಾನೇನೋ" ಎಂದ.

ನಾಲ್ಕನೆಯ ವರ್ಷ ನಿರಾಶ್ರಿತರ ಕಚೇರಿಯಿಂದ ಒಂದು ಪತ್ರ ಬಂತು. ಈ ಊರಲ್ಲಿ ನಾವು ಮೊದಲಿದ್ದ ವಿಳಾಸಕ್ಕೆ ಹೋಗಿ, ತಿಂಗಳು ಅಲೆದು ಬಂದಿತ್ತು. ಯಾಕೂಬ ಎಂಬೊಬ್ಬ ಗಡಿಗೆ ಬಂದಿದ್ದಾನೆ, ನಿಮ್ಮ ಮಗನೆನ್ನುತ್ತಾನೆ, ನಿಮ್ಮ ಮಗ ಸತ್ತಿರುವುದಾಗಿ ದಾಖಲೆಯಿದೆ, ಉತ್ತರ ಕೊಡಿ.

"ಏನಂತೆ?" ಎಂದ ಅಪ್ಪ.

"ಬಾಡಿಗೆ ವಿಷಯ" ಎಂದೆ. ಪಾದದ ಅಳತೆಯನ್ನು ಕದ್ದು ತೆಗೆದುಕೊಂಡು ಕಚೇರಿಗೆ ಓಡಿದೆ.

"ಸತ್ತವರ ಹೆಸರಲ್ಲಿ ಬರೋರು ಬಹಳ ಜನ ಇದಾರಮ್ಮ" ಎಂದಳು ಅಲ್ಲಿಯ ಹೆಂಗಸು. ಕೆಟ್ಟವಳಲ್ಲ, ಕೂರಲು ಕುರ್ಚಿ ಕೊಟ್ಟಳು.

"ಅವನು ಸತ್ತಿಲ್ಲ. ನಾನು ಸುಳ್ಳು ಬರೆದೆ. ನೋಡಿ, ಇದು ಅವನ ಕಾಲಿನ ಅಳತೆ."

ಅವಳು ಕಾಗದವನ್ನೂ ನನ್ನನ್ನೂ ನೋಡಿದಳು. "ಉತ್ತರ ಬರಲಿಲ್ಲ ಅಂತ ಹದಿನೈದು ದಿನದ ಹಿಂದೇನೇ ವಾಪಸ್ ಕಳಿಸಿಬಿಟ್ರು" ಎಂದಳು.

"ಅವನೇ ಅಂತ ಹೇಗೆ ಗೊತ್ತಾಗೋದು? ಅವನ ಹತ್ತಿರ ಏನಾದ್ರೂ ಇತ್ತಾ?"

ಅವಳು ಕಡತ ತಿರುವಿ ಓದಿದಳು. "ಚರ್ಮದ ಚೀಲ ಒಂದು. ಒಳಗೆ ಉಳಿ, ಸುತ್ತಿಗೆ, ದಾರದ ಉಂಡೆ, ಮೇಣ."

ನಾಲ್ಕು ವರ್ಷ ಅವನು ಆ ಚೀಲ ಹೊತ್ತು ನಮ್ಮ ಕಡೆಗೇ ನಡೆದಿದ್ದ. ನಾನು ಬರೆದ ಒಂದು ಪದ ಅವನನ್ನು ಬಾಗಿಲಲ್ಲೇ ತಡೆಯಿತು. ಆಮೇಲೆ ದಾಖಲೆ ತಿದ್ದಿಸಿದೆ, ಅರ್ಜಿಗಳನ್ನು ಬರೆದೆ, ಕಂಡಕಂಡವರ ಕಾಲು ಹಿಡಿದೆ. ಅವನನ್ನು ಎಲ್ಲಿಗೆ ಕಳಿಸಿದರೆಂದು ಹೇಳುವವರು ಯಾರೂ ಸಿಗಲಿಲ್ಲ. ಅಪ್ಪನಿಗೆ ಹೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.

ಕೊನೆಯ ದಿನಗಳಲ್ಲಿ ಅಪ್ಪ ಅದನ್ನೇ ಹೇಳುತ್ತಿದ್ದ. "ಚೀಲ ಹೋದ್ರೆ ಹೋಗ್ಲಿ ಅನ್ಬೇಕಿತ್ತು ಮಗಳೇ. ನಾನೇ ಕಳಿಸ್ದೆ ಅವನ್ನ."

"ಇಲ್ಲಪ್ಪ, ನೀನಲ್ಲ" ಎನ್ನುತ್ತಿದ್ದೆ. ಮತ್ಯಾರು ಎಂದು ಅವನು ಕೇಳಲಿಲ್ಲ.

ಅಪ್ಪ ತೀರಿಕೊಂಡ ದಿನ ನಮ್ಮ ನಾಡಿನ ನಾಲ್ವರು ಹಿರಿಯರು ಬಂದರು. ಅಪ್ಪನ ಮೆಟ್ಟನ್ನು ನಾನೇ ಹೊರಮುಖವಾಗಿ ತಿರುಗಿಸಿದೆ. "ಇಷ್ಟು ವರ್ಷ ಆಯ್ತಲ್ಲ ತಾಯಿ, ಅಣ್ಣನದೂ ತಿರುಗಿಸಿಬಿಡು, ಅವನಿಗೂ ದಾರಿ ಆಗ್ಲಿ" ಎಂದರು ಒಬ್ಬರು. ನಾನು ಬಗ್ಗಿದೆ. ಮೆಟ್ಟನ್ನು ಕೈಗೆತ್ತಿಕೊಂಡೆ. ಅವನು ಬದುಕಿದ್ದಾಗಲೇ ಒಮ್ಮೆ ಕಾಗದದ ಮೇಲೆ ಅದನ್ನು ತಿರುಗಿಸಿದವಳು ನಾನು.

ಅಂಚಿನ ಧೂಳನ್ನು ಸೆರಗಿನಿಂದ ಒರೆಸಿ, ಬಿರುಕು ಬಿಡುತ್ತಿದ್ದ ಚರ್ಮಕ್ಕೆ ಎಣ್ಣೆ ಹಚ್ಚಿ, ಇದ್ದಲ್ಲಿಯೇ ಇಟ್ಟೆ. ಈಗಲೂ ನನ್ನ ಹೊಸಿಲಲ್ಲಿ ಎರಡು ಜೊತೆ ಇವೆ. ಅಪ್ಪನದು ಹೊರಗೆ ಹೊರಟಿದೆ. ಅದರ ಎದುರಿಗೆ ಅಣ್ಣನದು ಒಳಗೆ ಬರುತ್ತಿದೆ.