ಗಾಳಿಯ ಮೇಲೊಂದು ಕರಾರು

"ಲಾಯರಮ್ಮ, ಇವತ್ತು ನಿಮ್ಮ ಕ್ರೇನಲ್ಲಿ ಯಾರು ಕೂತಿದ್ದಾರೆ?"

ರಜೆಯ ದಿನ ಬೆಳಗ್ಗೆಯೇ ಫೋನು ಮಾಡಿ ಹೀಗೆ ಕೇಳಿದ್ದು ಕನ್ನಡಕದಕ್ಕ. ವಕೀಲೆ ಇನ್ನೂ ತಲೆ ಬಾಚಿರಲಿಲ್ಲ.

"ಯಾರೂ ಇಲ್ಲ ಅಕ್ಕ. ಸೈಟಿಗೆ ರಜ."

"ಹಾಗಾದ್ರೆ ಅದು ತಿರುಗ್ತಾ ಇರೋದು ಹೇಗೆ?"

ವಕೀಲೆ ಕೆಲಸ ಮಾಡುತ್ತಿದ್ದ ಕಂಪನಿ ಪೇಟೆಯ ನಡುವೆ ಹತ್ತಂತಸ್ತಿನ ವಾಣಿಜ್ಯ ಕಟ್ಟಡ ಕಟ್ಟುತ್ತಿತ್ತು. ಅದರ ಪಕ್ಕದಲ್ಲೇ ಒಂದು ಹಳೆಯ ಪುಟ್ಟ ಕಟ್ಟಡ. ಕೆಳಗೆ ಕನ್ನಡಕದ ಅಂಗಡಿ, ಮೇಲೆ ರಟ್ಟಿನ ಪೆಟ್ಟಿಗೆಗಳ ಗೋದಾಮು. ಅಂಗಡಿ ನಡೆಸುತ್ತಿದ್ದವಳನ್ನು ಬೀದಿಯವರೆಲ್ಲ ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಗೋದಾಮು ಅವಳ ಮೈದುನನದು. ಅವಳ ಗಂಡ ತೀರಿಕೊಂಡ ಮೇಲೆ ಕಟ್ಟಡ ಇಬ್ಬರ ಹೆಸರಿಗೂ ಬಂದಿತ್ತು.

ಕ್ರೇನಿನ ತೋಳು ಕಂಪನಿಯ ನಿವೇಶನಕ್ಕಿಂತ ಉದ್ದ. ತಿರುಗಿದಾಗಲೆಲ್ಲ ಈ ಅಂಗಡಿಯ ನೆತ್ತಿಯ ಮೇಲೆ ಹಾದುಹೋಗಲೇಬೇಕು. ಒಪ್ಪಿಗೆಯಿಲ್ಲದೆ ಹಾದರೆ ಅವರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತರಬಹುದು. ಕೆಲಸ ನಿಂತರೆ ನೆಲಮಹಡಿಯನ್ನು ಪೂರ್ತಿ ಬಾಡಿಗೆಗೆ ಹಿಡಿದಿದ್ದ ಚಪ್ಪಲಿ ಕಂಪನಿಯವರು, ಹೇಳಿದ ದಿನಕ್ಕೆ ಕೀಲಿ ಕೈಗೆ ಬರಲಿಲ್ಲವೆಂದು ಕೈತೊಳೆದುಕೊಂಡು ಹೋಗುತ್ತಾರೆ. ಹಾಗಾಗಿ ವಕೀಲೆ ಕ್ರೇನು ನಿಲ್ಲುವ ಮೊದಲೇ ಕರಾರು ಬರೆದು ತಂದಿದ್ದಳು.

ಮೈದುನ ಹೆಗಲ ಮೇಲೆ ಕೈ ಹಾಕಿ ಮಾತಾಡುವ ಜಾತಿಯ ವ್ಯಾಪಾರಿ. "ಗಾಳಿಗೂ ಬಾಡಿಗೆ ಕೊಡಿ, ಮೇಡಂ. ಮತ್ತೆ, ಕೆಲಸ ಮುಗಿದ ಮೇಲೆ ಆ ತೋಳು ನಮ್ಮ ಮೇಲೆ ನಿಲ್ಲಬಾರದು" ಎಂದಿದ್ದ. ಕೇಳಿದ್ದು ನ್ಯಾಯವೇ ಅನ್ನಿಸಿ ವಕೀಲೆ ಎರಡನ್ನೂ ಬರೆದುಕೊಂಡಿದ್ದಳು. ಕನ್ನಡಕದಕ್ಕ ಸಹಿ ಮಾಡುವ ಮೊದಲು ಕೇಳಿದ್ದು ಬೇರೆಯೇ.

"ನಮ್ಮ ಮೇಲಿನ ಗಾಳಿ ಎಷ್ಟು ಎತ್ತರದವರೆಗೆ ನಮ್ಮದು?"

"ನೀವು ಬಳಸಿಕೊಳ್ಳೋವಷ್ಟು ಎತ್ತರ ಅಂತಾರೆ, ಅಕ್ಕ."

"ಹಾಗಾದ್ರೆ ಗಾಳಿಪಟ ಹಾರಿಸಿದ್ರೆ ಜಾಸ್ತಿ ಆಗುತ್ತಾ?"

ವಕೀಲೆಗೆ ನಗು ಬಂದಿತ್ತು. ನಗುತ್ತಲೇ ಪೆನ್ನು ಮುಂದೆ ಚಾಚಿದ್ದಳು.

ಈಗ ಅವಳು ಆಟೋ ಹಿಡಿದು ಬಂದಳು. ಇಬ್ಬರೂ ಅಂಗಡಿಯ ತಾರಸಿ ಹತ್ತಿದರು. ಮೇಲೆ ಕ್ರೇನಿನ ತೋಳು ಸದ್ದಿಲ್ಲದೆ, ನಿದ್ದೆಯಲ್ಲಿ ಮಗ್ಗುಲಾಗುವವರ ಹಾಗೆ, ನಿಧಾನವಾಗಿ ಅವರ ಕಡೆಗೇ ಬರುತ್ತಿತ್ತು. ಕನ್ನಡಕದಕ್ಕ ಅಂಗಡಿಯ ದುರ್ಬೀನು ಕೊಟ್ಟಳು. ಕ್ಯಾಬಿನ್ ಖಾಲಿ. ಸೈಟಿನ ಗೇಟಿಗೂ ಬೀಗ.

"ಎಲ್ಲೋ ಸ್ವಿಚ್ಚು ಆರಿಸೋದು ಮರೆತಿರಬೇಕು" ಎಂದಳು ವಕೀಲೆ.

"ಮೋಟಾರಿದ್ರೆ ಒಂದೇ ಸಮ ಸುತ್ತಬೇಕಲ್ಲಮ್ಮ? ಇದು ಬರುತ್ತೆ, ನಿಲ್ಲುತ್ತೆ, ಏನೋ ನೆನಪಾದ ಹಾಗೆ ವಾಪಸ್ ಹೋಗುತ್ತೆ."

ಅಷ್ಟರಲ್ಲಿ ಮೈದುನ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. ಮೇಲೆ ನೋಡಿದವನ ಮುಖ ಅರಳಿತು. "ಕರಾರು ಮುರಿದ್ರಿ, ಮೇಡಂ! ನಾಳೆಯೇ ಕೋರ್ಟಿಗೆ ಹೋಗ್ತೀನಿ."

ವಕೀಲೆಗೆ ಮಾತ್ರ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಯಾರು ತಿರುಗಿಸುತ್ತಿದ್ದಾರೆ ಇದನ್ನು?

"ಅಲ್ಲಿ ನೋಡು" ಎಂದು ಕನ್ನಡಕದಕ್ಕ ಎದುರು ತಾರಸಿಯ ಕಡೆ ಕೈ ತೋರಿಸಿದಳು. ಹಗ್ಗದ ಮೇಲೆ ಯಾರದೋ ಬಟ್ಟೆಗಳು ಪಟಪಟ ಹಾರುತ್ತಿದ್ದವು. "ಆ ಅಂಗಿ ತೋಳು ಯಾವ ಕಡೆಗೋ, ಈ ತೋಳೂ ಆ ಕಡೆಗೇ."

ಮೂವರೂ ನಿಂತು ನೋಡಿದರು. ಗಾಳಿ ದಿಕ್ಕು ಬದಲಿಸಿತು. ಮೊದಲು ಅಂಗಿಗಳು ತಿರುಗಿದವು. ಸ್ವಲ್ಪ ಹೊತ್ತಿಗೆ, ದೊಡ್ಡವರು ಎದ್ದು ಬರುವ ಹಾಗೆ, ಕ್ರೇನೂ ತಿರುಗಿತು.

ವಕೀಲೆ ಸೈಟ್ ಎಂಜಿನಿಯರಿಗೆ ಫೋನು ಹಚ್ಚಿದಳು.

"ಹೌದು ಮೇಡಂ, ಕೆಲಸ ಮುಗಿದ ಮೇಲೆ ತೋಳು ಹಿಡಿದಿಡೋ ಬ್ರೇಕ್ ಬಿಟ್ಟೇ ಹೋಗೋದು. ಗಾಳಿ ಹೇಗೆ ಬಂದರೆ ಹಾಗೆ ತಿರುಗ್ಲಿ ಅಂತ."

"ಬಿಗಿದು ಇಟ್ರೆ?"

"ಜೋರು ಗಾಳಿ ಅಡ್ಡಲಾಗಿ ಹೊಡೆದ್ರೆ ಕ್ರೇನೇ ಬಿದ್ದುಹೋಗಬಹುದು."

"ಪಕ್ಕದವರ ಮೇಲೆ ನಿಲ್ಲಿಸೋ ಹಾಗಿಲ್ಲ ಅಂತ ಕರಾರಿದೆಯಲ್ರೀ!"

"ಯಾವ ಕರಾರು? ನಮಗೆ ಯಾರೂ ತೋರಿಸಲೇ ಇಲ್ಲ, ಮೇಡಂ."

ವಕೀಲೆ ಫೋನಿಟ್ಟಳು. ಗಾಳಿಗೆ ಕಾನೂನು ಬರೆದು ಕೆಳಗೆ ಸಹಿಯನ್ನೂ ಹಾಕಿಸಿದ್ದಳು. ಕಂಪನಿಯ ಯಜಮಾನರಿಗೆ ಫೋನಿನಲ್ಲೇ ವಿಷಯ ತಿಳಿಸಿದಾಗ ಅವರು, "ಏನೋ ರಿಪೇರಿ ಅಂತ ಹೇಳಿ ಸಾಗಹಾಕು. ಆಮೇಲೆ ನೋಡೋಣ" ಎಂದರು. ಅವಳು ಹೂಂ ಅನ್ನಲಿಲ್ಲ. ಪಕ್ಕದಲ್ಲಿ ದುರ್ಬೀನು ಹಿಡಿದು ನಿಂತವಳ ಎದುರು ರಿಪೇರಿಯ ಕಥೆ ಹೆಚ್ಚು ಹೊತ್ತು ನಿಲ್ಲುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಇಬ್ಬರಿಗೂ ಹೇಳಿಬಿಟ್ಟಳು.

"ನೋಡಿದ್ರಾ ಅತ್ತಿಗೆ, ಅವರೇ ಒಪ್ಪಿಕೊಂಡ್ರು!" ಎಂದ ಮೈದುನ.

"ಒಪ್ಪಿಕೊಂಡ್ರಪ್ಪ. ಈಗ ಕೋರ್ಟಿಗೆ ಹೋಗಿ ಏನು ಕೇಳ್ತೀಯ? ಕಟ್ಟಿ ಹಾಕಿ ಅಂತ ತಾನೆ?"

"ಮತ್ತಿನ್ನೇನು?"

"ಕಟ್ಟಿ ಹಾಕಿದ್ಮೇಲೆ ಬಿದ್ರೆ ಎಲ್ಲಿ ಬೀಳುತ್ತೆ?"

ಮೈದುನ ಕ್ರೇನನ್ನು ಬುಡದಿಂದ ತುದಿಯವರೆಗೆ ನೋಡಿದ. ಆಮೇಲೆ ಕಾಲಡಿಯ ತಾರಸಿ ನೋಡಿದ. ಅದರ ಕೆಳಗೇ ಅವನ ಗೋದಾಮು.

ಆ ವಾರವೇ ಹೊಸ ಕರಾರಾಯಿತು. ಈ ಸಲ ವಕೀಲೆ ಎಂಜಿನಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದಳು. ತೋಳು ಗಾಳಿ ಬೀಸಿದತ್ತ ತಿರುಗಬಹುದು. ಆದರೆ ಅಂಗಡಿಯ ಮೇಲೆ ಯಾವತ್ತೂ ಹೊರೆ ಹೊತ್ತು ಹಾಯುವಂತಿಲ್ಲ. ಏನಾದರೂ ಹಾನಿಯಾದರೆ ಹೊಣೆ ಕಂಪನಿಯದು. ಬಾಡಿಗೆ ಮೊದಲಿನಂತೆಯೇ. ಕನ್ನಡಕದಕ್ಕ ತನ್ನದೊಂದು ಷರತ್ತು ಸೇರಿಸಿದಳು: ಸೈಟಿನಲ್ಲಿ ಹೊಸದೇನಾದರೂ ಶುರುವಾದಾಗ ಯಾರಾದರೂ ಬಂದು ಅದೇನೆಂದು ತಿಳಿಸಿ ಹೋಗಬೇಕು.

"ಇದೆಂಥ ಷರತ್ತು?" ಎಂದರು ಯಜಮಾನರು.

"ಪುಕ್ಕಟೆ ಷರತ್ತು ಸರ್" ಎಂದಳು ವಕೀಲೆ. ಅವರು ಗೊಣಗುತ್ತಲೇ ಸಹಿ ಹಾಕಿದರು.

ತಿಳಿಸಿ ಬರುವ ಕೆಲಸ ಎಂಜಿನಿಯರನ ಪಾಲಿಗೆ ಬಂತು. ಅನೇಕ ಸಲ ವಕೀಲೆಯೂ ಅವನ ಬೆನ್ನಿಗೆ ಹೋಗುತ್ತಿದ್ದಳು. ವರ್ಷಗಟ್ಟಲೆ ಕಟ್ಟಡಗಳ ಕರಾರು ಬರೆದಿದ್ದರೂ, ಕಾಂಕ್ರೀಟನ್ನು ಅಷ್ಟೆತ್ತರಕ್ಕೆ ಪೈಪಿನಲ್ಲಿ ತಳ್ಳುತ್ತಾರೆಂಬುದು ಅವಳಿಗೆ ಗೊತ್ತಾದದ್ದು ಕನ್ನಡಕದಕ್ಕನ ಅಂಗಡಿಯ ಸ್ಟೂಲಿನ ಮೇಲೆ ಕೂತು. ಮೈದುನ ಮೊದಮೊದಲು ಬಾಗಿಲಲ್ಲೇ ನಿಂತು ಕೇಳಿಸದವನ ಹಾಗೆ ಕೇಳಿಸಿಕೊಳ್ಳುತ್ತಿದ್ದ, ಆಮೇಲೆ ಒಳಗೆ ಬಂದು ಕೂತ. ನೆಲಮಹಡಿಗೆ ಬರಲಿದ್ದ ಚಪ್ಪಲಿ ಕಂಪನಿಗೆ ದಾಸ್ತಾನು ಇಡಲು ಜಾಗ ಸಾಲದೆಂಬ ಮಾತು ಅವನ ಕಿವಿಗೆ ಬಿದ್ದದ್ದು ಹೀಗೆಯೇ. ತಿಂಗಳೊಳಗೆ ಅರ್ಧ ಗೋದಾಮನ್ನು ಅವರಿಗೆ ಬಾಡಿಗೆಗೆ ಕೊಟ್ಟ. ಅಲ್ಲಿಂದ ಅವನು ಕೋರ್ಟಿನ ಮಾತೆತ್ತಲಿಲ್ಲ.

ಕಟ್ಟಡ ಪೂರ್ತಿಯಾಗುತ್ತಾ ಬಂದಾಗ ಕನ್ನಡಕದಕ್ಕ ಕೇಳಿದಳು: "ಇಷ್ಟು ದೊಡ್ಡ ಕ್ರೇನನ್ನ ಕೆಳಗಿಳಿಸೋದು ಹೇಗೆ?"

"ಅದರ ಕಂಬವನ್ನ ತುಂಡುತುಂಡಾಗಿ ತೆಗೀತಾ ಅದೇ ಕುಗ್ಗುತ್ತೆ" ಎಂದ ಎಂಜಿನಿಯರು. "ಆಮೇಲೆ ಉಳಿದದ್ದಕ್ಕೆ ಲಾರಿ ಮೇಲಿನ ಇನ್ನೊಂದು ಕ್ರೇನು ಬರುತ್ತೆ."

ಮೈದುನ ಕಿವಿ ನೆಟ್ಟಗೆ ಮಾಡಿದ. "ಆ ಇನ್ನೊಂದಕ್ಕೂ ನಮ್ಮ ಗಾಳಿ ಬೇಕಾ?"

ವಕೀಲೆ ಅದನ್ನು ಯೋಚಿಸಿಯೇ ಇರಲಿಲ್ಲ. ಎಂಜಿನಿಯರನ ಕೈಯಿಂದ ಅಳತೆಯ ಟೇಪು ಕಿತ್ತುಕೊಂಡು, ಲಾರಿ ನಿಲ್ಲುವ ಜಾಗ ಅಳೆಯಲು ಬೀದಿಗಿಳಿದಳು. ಟೇಪಿನ ಇನ್ನೊಂದು ತುದಿ ಹಿಡಿದುಕೊಳ್ಳಲು ಮೈದುನ ಮುಂದೆ ಓಡಿದ.